ಹಾಲುತೆನೆಯ ಕೊಯ್ಲು

ಕೆಮ್ಮಿದ ಉರ್ಕೆನ್ ತೋಳಿನಿಂದ ಬಾಯಿ ಒರೆಸಿಕೊಂಡ. ಅವನ ಹೆಂಡತಿ ಕಾಂಡ್ರೋ ಆ ತೋಳನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ನಸುಗೆಂಪು ನೊರೆ.

"ಯಾವಾಗಿಂದ ಇದು?"

"ಧೂಳಿನ ಕೆಮ್ಮು ಕಣೇ."

"ಧೂಳು ಕೆಂಪಗಿರುತ್ತಾ?"

ಅವನು ಗೋಡೆಗೆ ಒರಗಿದ. ಮಾತಾಡುವಷ್ಟು ಉಸಿರು ಅವನಲ್ಲಿರಲಿಲ್ಲ.

ಮಳೆಗಾಲವನ್ನೆಲ್ಲ ಕಾಠ್ಮಂಡುವಿನಲ್ಲಿ ಕಳೆದ ಉರ್ಕೆನ್, ಕಣಿವೆಯಾಚೆಯಿಂದ ಬರುತ್ತಿದ್ದ ಚಾರಣಿಗನೊಬ್ಬನಿಗೆ ಮಾರ್ಗದರ್ಶಿಯಾಗಲು ಎಲ್ಲಿಯೂ ತಂಗದೆ ಅವಸರದಿಂದ ಮೇಲೇರಿ, ಹೆಂಡತಿ ನಡೆಸುವ ತಂಗುಮನೆಯನ್ನು ಸೇರಿದ್ದ. ಆ ಚಾರಣಿಗ ಮತಿಯಾಜ್ ಬಂದೊಡನೆ ಉರ್ಕೆನ್ ಅವನನ್ನು, 'ತಲೆನೋವಿದೆಯೇ? ಇದ್ದರೆ ಮುಚ್ಚಿಡಬೇಡಿ' ಎಂದು ವಿಚಾರಿಸಿದ್ದ. ತನ್ನ ತಲೆ ಸಿಡಿಯುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಎತ್ತರದ ಕಾಯಿಲೆ ವಿದೇಶಿಯರಿಗೆ ಬರುವಂಥದ್ದು. ಶೆರ್ಪಾನಿಗೆ ಬಂದಿತೆಂದರೆ ಊರೇ ನಗುವುದಿಲ್ಲವೇ?

ಕಾಂಡ್ರೋ ರಕ್ಷಣಾ ತಂಡಕ್ಕೆ ಫೋನು ಮಾಡಿದಳು. ಕಣಿವೆಯ ತುಂಬ ಮೋಡ, ಹೆಲಿಕಾಪ್ಟರ್ ಏರುವಂತಿಲ್ಲ ಎಂದರು. ಕೆಳಗಿನ ಥೋಮ್‌ದೆ ಹಳ್ಳಿಯ ಆರೋಗ್ಯಕೇಂದ್ರದಲ್ಲಿ ಆಮ್ಲಜನಕವಿತ್ತು. ಅಲ್ಲಿಗೆ ಇಳಿಸದಿದ್ದರೆ ಗಂಡ ಕತ್ತಲಾಗುವವರೆಗೂ ಉಳಿಯಲಾರನೆಂಬುದು ಅವಳಿಗೆ ತಿಳಿದಿತ್ತು. ಮತಿಯಾಜ್ ಅವನನ್ನು ಬೆನ್ನಿಗೇರಿಸಿಕೊಂಡು ಹೊರಟನಾದರೂ ಮೊದಲ ತಿರುವಿನಲ್ಲೇ ಮೊಣಕಾಲೂರಿದ. ಹಳ್ಳಿಯ ಗಂಡಸರೆಲ್ಲ ಚಾರಣದ ಕೆಲಸಕ್ಕೆ ಹೋಗಿದ್ದರು. ಉಳಿದದ್ದು ಹೊರೆ ಹೊರುವ ಜೊಪ್ಕ್ಯೋ ಎತ್ತೊಂದೇ. ಗಂಡನನ್ನು ಅದರ ಬೆನ್ನಿಗೆ ಕಂಬಳಿಯಿಂದ ಬಿಗಿದು, ಹಗ್ಗ ಹಿಡಿದು ಇಳಿದಳು.

ಥೋಮ್‌ದೆಯ ಹೊಲಗಳು ಕಂಡವು. ಹೊಲಗಳಿಗೆ ಮೊದಲು ಕಲ್ಲುಗುಪ್ಪೆಯೂ ಅದರಲ್ಲಿ ಸಿಕ್ಕಿಸಿದ ಧೂಪದ ಕೊಂಬೆಯೂ ಕಂಡವು. ಕೊಂಬೆಯ ಪಕ್ಕದಲ್ಲಿ ಕೋಲು ಹಿಡಿದು ಕುಳಿತಿದ್ದ ಮುದುಕ ಗ್ಯಾಲ್ಜೆನ್ ಎದ್ದು ನಿಂತ. ಆ ವರ್ಷ ಪೈರು ಕಾಯಲು ಊರು ಆರಿಸಿದ ನಾವಾ ಅವನೇ. ಕೊಯ್ಲು ಮುಗಿಯುವವರೆಗೆ ಯಾವ ಪ್ರಾಣಿಯೂ ಆ ಕೊಂಬೆಯನ್ನು ದಾಟುವಂತಿರಲಿಲ್ಲ. ದಾಟಿದರೆ ದೇವರು ಮುನಿದು ಆಲಿಕಲ್ಲು ಸುರಿಸುತ್ತಾನೆಂಬುದು ಊರಿನ ನಂಬಿಕೆ.

"ಅಲ್ಲೇ ನಿಲ್ಸು."

"ಅಶಾಂಗ್, ಯಾರು ಅಂತ ನೋಡಿ. ನಿಮ್ಮ ಅಕ್ಕನ ಮಗ." ಗಂಡನ ಸೋದರಮಾವನನ್ನು ಅವಳೂ ಅಶಾಂಗ್ ಎಂದೇ ಕರೆಯುತ್ತಿದ್ದಳು.

"ಕಣ್ಣು ಕಾಣುತ್ತೆ ನಂಗೆ. ಮನುಷ್ಯರು ಹೋಗಿ. ಎತ್ತು ಬೇಡ. ತೆನೆ ಇನ್ನೂ ಹಾಲಲ್ಲಿದೆ."

"ಇವರಿಗೆ ಕಾಲೂರಕ್ಕೆ ಆಗ್ತಿಲ್ಲ! ಮಲಗಿಸಿ ಹೊತ್ರೆ ಉಸಿರು ನಿಲ್ಲುತ್ತೆ, ಬೆನ್ನ ಮೇಲೆ ಹೊರೋ ಗಂಡಸರು ಯಾರೂ ಇಲ್ಲ!"

"ಹೋದ ವರ್ಷ ಒಂದು ಕರು ನುಗ್ಗಿದ್ದಕ್ಕೆ ಆಲಿಕಲ್ಲು ಬಿತ್ತು. ಆ ಕರುವಿನ ಮನೆ ಮುಂದೆ ನಿಂತು ಅತ್ತೂ ಕಿರುಚೀ ರಂಪ ಮಾಡ್ದವಳು ಯಾರು? ನೀನೇ ಅಲ್ವಾ?"

ಎತ್ತಿನ ಕೊರಳಿಗೆ ಒರಗಿದ್ದ ಉರ್ಕೆನ್ ಒಂದು ಕಣ್ಣು ತೆರೆದ.

"ಅಶಾಂಗ್... ನನ್ನನ್ನೂ... ಎತ್ತಿನ ಲೆಕ್ಕಕ್ಕೇ ಹಾಕ್ಬಿಟ್ರಾ?"

"ನಿನಗಿಂತ ಎತ್ತಿಗೇ ಬುದ್ಧಿ ಜಾಸ್ತಿ. ಸುಸ್ತಾದ್ರೆ ಮಲಗುತ್ತೆ," ಎಂದ ಮುದುಕ ಅವನ ಮುಖದತ್ತ ಬಗ್ಗಿದ. ಸೋದರಳಿಯನ ತುಟಿ ಬೂದಿಬಣ್ಣಕ್ಕೆ ತಿರುಗಿದ್ದನ್ನು ಅವನು ಆಗಲೇ ಕಂಡದ್ದು.

ಕಾಂಡ್ರೋ ಹಗ್ಗ ಜಗ್ಗಿದಳು. ಕೋಲು ಅಡ್ಡ ಬಂತು. ಕೆಳಗೆ ಕಳೆ ಕೀಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನೆಟ್ಟಗೆ ನಿಂತು ನೋಡತೊಡಗಿದರು.

"ಪೈರು ಇದ್ರೆ ತಾನೇ ಕಾವಲು," ಎಂದು ಮುದುಕ ತನ್ನಷ್ಟಕ್ಕೇ ಗೊಣಗಿದ. ಮರುಕ್ಷಣ ಕೈಯನ್ನು ಬಾಯಿಗೆ ಅಡ್ಡಗಟ್ಟಿ ಕೂಗಿದ: "ಕುಡುಗೋಲು ತನ್ರೇ! ದಾರಿ ಪಕ್ಕದ ಹೊಲ ಎಲ್ಲಾ ಕೊಯ್ದುಬಿಡಿ! ಮೊದಲು ನಂದು!"

"ಮುದುಕನಿಗೆ ಭ್ರಾಂತು! ಈಗ ಕೊಯ್ದ್ರೆ ಹಿಟ್ಟು ಎಲ್ಲಿಂದ ಬರುತ್ತೆ?" ಎಂದಳು ಹೆಂಗಸರಲ್ಲೊಬ್ಬಳು.

"ಹುಲ್ಲಾದ್ರೂ ಬರುತ್ತೆ, ಕೊಯ್ಯಿ!"

ಮುದುಕನೇ ಮುಂದಾಗಿ ತನ್ನ ಜವೆಗೋಧಿಗೆ ಕುಡುಗೋಲು ಹಾಕಿದ. ಹೆಂಗಸರು ಬೈಯುತ್ತಲೇ ಬಂದು ಬಗ್ಗಿದರು. ಒಂದು ಹೊಲ ಬೋಳಾದೊಡನೆ ಎತ್ತು ಅಷ್ಟು ದೂರ ಮುಂದುವರಿಯುವುದು, ಮುಂದಿನ ಹೊಲದ ಅಂಚಿನಲ್ಲಿ ನಿಲ್ಲುವುದು. ನಿಂತಾಗಲೆಲ್ಲ ಕಾಂಡ್ರೋ ಗಂಡನ ಬೆನ್ನಿಗೆ ಕಿವಿ ಹಚ್ಚುತ್ತಿದ್ದಳು. ಒಳಗೆ ನೀರು ಕುದಿಯುವಂಥ ಸದ್ದು. ಮತಿಯಾಜ್ ಕುಡುಗೋಲು ಹಿಡಿಯಲು ಬಾರದೆ ಬರಿಗೈಯಲ್ಲೇ ಪೈರು ಕಿತ್ತು ಕಿತ್ತು ಅಂಗೈ ಹರಿದುಕೊಂಡಿದ್ದ.

ಕೊನೆಯದು ವಿಧವೆ ಯಾಂಗ್ಜಿನ್‌ಳ ಹೊಲ. ಅವಳಿಗಿದ್ದದ್ದು ಅದೊಂದೇ. ಅವಳು ಪೈರಿನ ಮುಂದೆ ಕೈಚಾಚಿ ನಿಂತಳು.

"ನಂದು ಮುಟ್ಬೇಡಿ."

"ಅಕ್ಕಾ, ಇಷ್ಟು ದೂರ ಬಂದಿದ್ದೀವಿ..."

"ಚಳಿಗಾಲಕ್ಕೆ ನನ್ನ ಮಕ್ಕಳ ಬಾಯಿಗೆ ಏನು ಹಾಕ್ಲಿ? ನಿನ್ನ ಗಂಡನ ಜಂಬಾನಾ?"

ಎತ್ತಿನ ಮೇಲಿಂದ ಕೇಳುತ್ತಿದ್ದ ಉಸಿರಿನ ಸದ್ದು ಫಕ್ಕನೆ ನಿಂತಿತು. ಎಲ್ಲರ ಕೈಗಳೂ ತಡೆದವು. ಕಾಂಡ್ರೋ ಗಂಡನ ಗಲ್ಲ ಹಿಡಿದು ಅಲುಗಿಸಿದಳು, ಕಿರುಚಿದಳು, ಕೆನ್ನೆಗೆ ಬಾರಿಸಿದಳು. ಒಳಗೆಲ್ಲೋ ಒಂದು ಗೊರಕೆ ಮರಳಿತು.

ಯಾಂಗ್ಜಿನ್ ಚಾಚಿದ ಕೈಗಳನ್ನು ಇಳಿಸಿದಳು. ಮುದುಕನ ಕೈಯಿಂದ ಕುಡುಗೋಲನ್ನು ಕಿತ್ತುಕೊಂಡು, ಬೇರೆ ಯಾರನ್ನೂ ಹತ್ತಿರ ಬಿಡದೆ, ತನ್ನ ಪೈರನ್ನು ತಾನೇ ಕೊಯ್ದಳು.

ಆರೋಗ್ಯಕೇಂದ್ರದ ದಾದಿ ಉರ್ಕೆನ್‌ನ ಮುಖಕ್ಕೆ ಮಾಸ್ಕ್ ಕಟ್ಟಿ ಆಮ್ಲಜನಕ ಹರಿಸಿದಳು. ಬಹಳ ಹೊತ್ತಿನ ಮೇಲೆ ಅವನ ಉಗುರುಗಳಿಗೆ ಬಣ್ಣ ಮರಳಿತು. "ಉಳ್ಕೊಂಡ," ಎಂದಳು ದಾದಿ. ಆ ಮಾತು ಕಿವಿಗೆ ಬಿದ್ದರೂ ಕಾಂಡ್ರೋಗೆ ಅಳು ಬರಲಿಲ್ಲ. ಎತ್ತನ್ನು ಕಟ್ಟಿಹಾಕಬೇಕೆಂಬುದು ನೆನಪಾಗಿ ಅಂಗಳಕ್ಕೆ ಬಂದಳು.

ಗೋಡೆಯಾಚೆ ಯಾಂಗ್ಜಿನ್ ಹೊರೆ ಹೊತ್ತು ನಿಂತಿದ್ದಳು.

"ಉಸಿರಾಡ್ತಿದ್ದಾನಾ?"

"ಹೂಂ, ಅಕ್ಕಾ."

"ಸರಿ ಬಿಡು." ಅವಳು ಹೊರೆಯನ್ನು ಎತ್ತಿನ ಮುಂದೆ ಕೆಡವಿದಳು. "ಇದಕ್ಕೇ ಹಾಕು. ಮನುಷ್ಯರು ತಿನ್ನೋ ಹಾಗಿಲ್ಲ ಇನ್ನು."

"ಅಕ್ಕಾ, ನಮ್ಮನೆ ಹಿಟ್ಟಲ್ಲಿ ಅರ್ಧ..."

ಯಾಂಗ್ಜಿನ್ ಆಗಲೇ ತಿರುಗಿ ನಡೆದಿದ್ದಳು. ಎತ್ತು ಹಸಿ ತೆನೆಗೆ ಬಾಯಿ ಹಾಕಿತು; ಅದರ ತುಟಿಯಂಚಿನಲ್ಲಿ ಬಿಳಿಯ ಹಾಲು ಇಳಿಯಿತು. ಕಾಂಡ್ರೋ ಹಗ್ಗವನ್ನು ಎಳೆಯಲೂ ಆರದೆ, ಬಿಡಲೂ ಆರದೆ ಹಿಡಿದು ನಿಂತಳು.