ಕಲ್ಲವ್ವ ಹೇಳಿದ ಹೆಸರು

ಶೀತಲ್ ಒಳಗೆ ಬಂದವಳೇ ಬಾಗಿಲಿನ ಅಗುಳಿ ಹಾಕಿದಳು. "ಮಾವಶಿ, ಅವ್ರು ಮೆಣಸಿನಕಾಯಿ ಸಾಲಿಗೆ ಬಂದಾರ. ಅಲ್ಲಿಂದ ಸೀದಾ ಇಲ್ಲಿಗೇ ಬರ್ತಾರ."

ಮಕ್ಕಳಿಗೆ ಅನ್ನ ಕಲಸುತ್ತಿದ್ದ ಕಲ್ಲವ್ವನ ಕೈ ಅಲ್ಲೇ ನಿಂತಿತು. "ಮೊದಲ ಅಗಳಿ ತಗೀ ತಂಗಿ. ಹಾಡಾಹಗಲ ಬಾಗಿಲಾ ಹಾಕ್ಕೊಂಡ್ರ ಏನೋ ಮುಚ್ಚಿಟ್ಟಾರ ಅಂತಾರ."

ಮಾತೇನೋ ಸರಿಯೇ. ಶೀತಲ್ ಅಗುಳಿ ತೆಗೆದಳು.

ಮರಾಠಿ ಸೀಮೆಯ ಕಳಮನಾ ಮಾರುಕಟ್ಟೆಯ ಗೋಣಿಚೀಲದ ಗೋದಾಮಿಗೆ ಅಂಟಿಕೊಂಡ ಆ ತಗಡಿನ ಶೆಡ್ಡು ಒಂದು ಸಣ್ಣ ಸಂಸ್ಥೆಯ ಬಾಲವಾಡಿ. ಶೀತಲ್ ಅದನ್ನು ನೋಡಿಕೊಳ್ಳುತ್ತಿದ್ದಳು, ಅವಳು ಚಿಕ್ಕಮ್ಮನಂತೆ ಮಾವಶಿ ಎನ್ನುತ್ತಿದ್ದ ಕಲ್ಲವ್ವ ಅಡಿಗೆ ಮಾಡಿ ಉಣ್ಣಿಸುತ್ತಿದ್ದಳು. ಮೆಣಸಿನಕಾಯಿ ಆರಿಸುವ, ಕಸ ಗುಡಿಸುವ ಹೆಂಗಸರು ಬೆಳಿಗ್ಗೆ ಕೂಸುಗಳನ್ನು ಇಲ್ಲಿ ಬಿಟ್ಟುಹೋಗುತ್ತಿದ್ದರು. ಯಾರ ಕೂಸು, ಯಾವ ಊರು ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಮೂಗು ಒರೆಸಿ ಉಣ್ಣಿಸುವವರಿಗೆ ಅದೆಲ್ಲ ಯಾಕೆ ಬೇಕು? ಈಗ ಸರಕಾರ ಬಿದ್ದು, ಪಕ್ಷ ಒಡೆದು, ಎರಡೂ ಬಣದವರು ಜಿದ್ದಿಗೆ ಬಿದ್ದು ಬೀದಿಗಿಳಿದಿದ್ದರು. ಸಂಸ್ಥೆಗಳು ಹೊರಗಿನವರನ್ನು ಸಾಕುತ್ತಿವೆ ಎಂಬ ಗುಲ್ಲು ಬೇರೆ. ಹೋದ ವಾರ ರೈಲು ಹಳಿಯಾಚೆಯ ಬಾಲವಾಡಿಗೆ ನುಗ್ಗಿದವರು ಒಂದು ಕೂಸಿನ ಬಾಯಿಂದ ಹೆಸರು ಹೇಳಿಸಿ ಮೊಬೈಲಿನಲ್ಲಿ ಹಿಡಿದರು. ಮರುದಿನ ಅಲ್ಲಿ ಬೀಗ. ಪಾಪ, ಆ ಕೂಸಿನ ತಂದೆತಾಯಿ ಎಲ್ಲಿ ಹೋದರೋ ಇವತ್ತಿಗೂ ಪತ್ತೆಯಿಲ್ಲ.

ಇಲ್ಲೂ ಅಂಥದೊಂದು ಕೂಸಿತ್ತು. ನಾಲ್ಕು ವರ್ಷದ ಜಹನಾರಾ. ಅವಳ ತಾಯಿ ಬಂಗಾಲದ ಕಡೆಯಿಂದ ಬಂದು ಮಾರುಕಟ್ಟೆಯಲ್ಲಿ ಕಸ ಗುಡಿಸುತ್ತಿದ್ದಳು. ಅಥಣಿ ಕಡೆಯ ಕಲ್ಲವ್ವನ ನಾಲಿಗೆಗೆ ಆ ಹೆಸರು ಹೊರಳಲಿಲ್ಲ. ಅನ್ನಕ್ಕೆ ಬೆಲ್ಲ ಬೇಕೆಂದು ಹಟ ಹಿಡಿಯುವವಳು ಬೆಲ್ಲವ್ವ ಆದಳು. ಉಳಿದವರೂ ಹಾಗೆಯೇ ಗಿಣಿ, ಗುಂಡ್ಯಾ, ಢೋಲ್ಯಾ.

"ಆಕೀನ್ನ ಹಿಂದಿನ ಕಡಿಂದ ಕಳಿಸಿಬಿಡೂಣೇನ್ರಿ?" ಎಂದಳು ಶೀತಲ್.

"ಎಲ್ಲಿಗೆ ಕಳಸ್ತಿ? ಹೊರಗೂ ಅವರ ಮಂದೀನ ಐತಿ," ಎಂದ ಕಲ್ಲವ್ವ ಜಹನಾರಾಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

ಮೂವರು ಬಂದರು. ಮುಂದಿನವನು ಚಪ್ಪಲಿ ಹೊರಗೆ ಬಿಟ್ಟು ನಮಸ್ಕಾರ ಮಾಡಿದ. ಅವನು ಮೊಬೈಲು ಎತ್ತಿ ಹಿಡಿದು ಒಂದೊಂದೇ ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ನಾಮ್ ಕ್ಯಾ ಹೈ?" ಎಂದು ಕೇಳುತ್ತಾ ಬಂದ. ಢೋಲ್ಯಾ ಎದೆಯುಬ್ಬಿಸಿ "ಢೋಲ್ಯಾ!" ಎಂದಾಗ ಮೂವರೂ ನಕ್ಕರು. ಆಮೇಲೆ ಮೊಬೈಲು ಜಹನಾರಾಳ ಕಡೆ ತಿರುಗಿತು.

ಮಾರುಕಟ್ಟೆಯಲ್ಲಿ ಕಳೆದುಹೋದರೆ ಹೆಸರು, ಅಪ್ಪನ ಹೆಸರು, ಊರು ಎಲ್ಲ ಹೇಳಬೇಕೆಂದು ತಾಯಿ ಅವಳಿಗೆ ಬಾಯಿಪಾಠ ಮಾಡಿಸಿದ್ದಳು. ಹೇಳಲಿಕ್ಕೆ ಅವಳಿಗೆ ಭಾರೀ ಹುರುಪು. ಹುಡುಗಿ ಬಾಯಿ ತೆರೆದಳು. ಕಲ್ಲವ್ವ ದೊಡ್ಡದೊಂದು ತುತ್ತು ಇಟ್ಟೇಬಿಟ್ಟಳು.

"ಮೇರಿ ಪೋತೀ ಹೈ ಸಾಬ್, ಮಗನ ಮಗಳು. ಬೆಲ್ಲವ್ವ."

"ಅಚ್ಛಾ? ದಾದಾ ಕಾ ನಾಮ್?"

ಕೂಸಿನ ಅಜ್ಜನೆಂದರೆ ಕಲ್ಲವ್ವ ಹೇಳಬೇಕಾದದ್ದು ತನ್ನ ಗಂಡನ ಹೆಸರು. ಮದುವೆಯ ದಿನ ಒಡಪು ಕಟ್ಟಿ ಪದ್ಯದಲ್ಲಿ ಗಂಡನ ಹೆಸರು ಹೇಳೆಂದು ಎಲ್ಲರೂ ಗಂಟುಬಿದ್ದಾಗಲೂ ಅತ್ತು ಕಣಜದ ಹಿಂದೆ ಅಡಗಿದವಳು ಅವಳು. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿದ್ದು ಕಿವಿಯಲ್ಲಿತ್ತು. ಇದೇ ಮಾರುಕಟ್ಟೆಯಲ್ಲಿ ತೂಕದ ಕಾಟಾ ನೋಡಿಕೊಳ್ಳುವ ಆ ಮನುಷ್ಯನಿಗೋ ಹೋದ ವರ್ಷವಷ್ಟೇ ಹೃದಯದ ಆಪರೇಶನ್ ಆಗಿತ್ತು.

"ಅವ್ರ ಹೆಸರು..." ಎಂದು ಶೀತಲ್ ಬಾಯಿ ಹಾಕಿದಳು.

"ಆಪ್ ಚುಪ್. ಇನಕೋ ಬೋಲನೇ ದೋ." ಅಜ್ಜಿಯೇ ಹೇಳಲಿ ಎಂದು ಅವನು ಅವಳನ್ನು ತಡೆದ.

ಹಿಂದೆ ನಿಂತವನು ಕಿಸಕ್ಕನೆ ನಕ್ಕ. "ಅಜ್ಜಿಗೇ ಅಜ್ಜನ ಹೆಸರು ಗೊತ್ತಿಲ್ಲ!" ಎಂದು ಮರಾಠಿಯಲ್ಲಿ ಆಡಿಕೊಂಡ. ಇತ್ತ ಹುಡುಗಿ ಅಗಿಯುತ್ತಿದ್ದಳು. ಉಬ್ಬಿದ ಕೆನ್ನೆ ಇಳಿಯುತ್ತಾ ಬಂತು. ತುತ್ತು ನುಂಗಿದಳೆಂದರೆ ಮುಗಿಯಿತು, ಅವಳೇ ಎಲ್ಲ ಹೇಳಿಬಿಡುತ್ತಾಳೆ.

"ಹಾಲಸಿದ್ದಪ್ಪ," ಎಂದಳು ಕಲ್ಲವ್ವ.

"ಜೋರ್ ಸೇ."

"ಹಾಲಸಿದ್ದಪ್ಪ!" ಶೆಡ್ಡಿನ ತಗಡಿಗೆ ಬಡಿಯುವಂತೆ ಕೂಗಿದಳು. ಕಣ್ಣಿಂದ ನೀರು ಸುರಿಯತೊಡಗಿತು.

"ತೂಕದ ಕಾಟೇವಾಲಾ ಹಾಲಸಿದ್ದಪ್ಪನಾ?" ಅವನು ಮೊಬೈಲು ಇಳಿಸಿದ. ಸ್ವಲ್ಪ ಹೊತ್ತು ಹುಡುಗಿಯನ್ನೇ ನೋಡಿ, "ಫಿರ್ ಆಯೇಂಗೆ," ಎಂದು ಮತ್ತೆ ಬರುವ ಮಾತು ಹೇಳಿ ಎದ್ದ.

ಅವರು ಹೋದಮೇಲೆ ಕಲ್ಲವ್ವ ಬಾಯಿ ಮುಕ್ಕಳಿಸಿ ತಾಳಿಯನ್ನು ಕಣ್ಣಿಗೊತ್ತಿಕೊಂಡಳು. "ತಂಗಿ, ಜಲ್ದಿ ಹೋಗು. ನಮ್ಮನಿಯವ್ರು ಬರೋಬರ್ ಅದಾರೇನು ನೋಡ್ಕೊಂಡ ಬಾ."

ಶೀತಲ್ ಓಡಿಹೋಗಿ ಬಂದಳು. "ಅದಾರ ಮಾವಶಿ. ಕಾಟಾದ ಮುಂದ ಕೂತು ಚಾ ಕುಡೀಲಿಕತ್ತಾರ."

"ಮತ್ತೊಮ್ಮೆ ನೋಡು," ಎಂದಳು ಕಲ್ಲವ್ವ. ಶೀತಲ್ ಮತ್ತೊಮ್ಮೆ ಹೋದಳು.

ಸಂಜೆ ಜಹನಾರಾಳ ತಾಯಿ ಬಂದಳು. ದಿನಾ ದೂರದಿಂದಲೇ ಮಗಳ ಹೆಸರು ಕೂಗುವುದು ಅವಳ ವಾಡಿಕೆ. ಆ ಕೂಗು ಕೇಳುವ ತನಕ ಮಗಳೂ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಎದುರಿನ ಚಹಾದ ಗಾಡಿಯ ಹತ್ತಿರ ಆ ಮೂವರು ನಿಂತಿದ್ದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಕಲ್ಲವ್ವ ಓಡಿಹೋಗಿ ಅವಳ ತೋಳು ಹಿಡಿದಳು. ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ನಡೆದದ್ದನ್ನೆಲ್ಲ ಪಿಸುಗುಟ್ಟಿದಳು. "ಆ ಹೆಸರು ಇಲ್ಲಿ ಕರೀಬ್ಯಾಡ ಯವ್ವಾ. ಮತ್ ಬೋಲೋ. ಬೆಲ್ಲವ್ವ ಅನ್ನು."

ತಾಯಿ ಚಹಾದ ಗಾಡಿಯತ್ತ ನೋಡಿದಳು. ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ಒಳಗಿನ ಮಗಳಿಗೆ ಕೇಳುವಂತೆ ಕೂಗಿದಳು.

"ಬೆಲ್ಲ... ಬೆಲ್ಲವ್ವಾ."

ಒಳಗೆ ಚಾಪೆಯ ಮೇಲಿದ್ದ ಹುಡುಗಿ ತಲೆ ಎತ್ತಿದಳು. ಕಿಲಕಿಲ ನಗುತ್ತಾ ಓಡಿಬಂದು ತಾಯಿಯ ಸೊಂಟಕ್ಕೆ ಹತ್ತಿದಳು. ಇಬ್ಬರೂ ಚಹಾದ ಗಾಡಿಯ ಮುಂದಿನಿಂದಲೇ ಹಾದುಹೋಗಬೇಕಿತ್ತು. ಬೇರೆ ದಾರಿ ಇರಲಿಲ್ಲ.

"ಫಿರ್ ಬೋಲೋ ಅಮ್ಮಾ," ಎಂದು, ತಾಯಿಯ ಬಾಯಿಂದ ಆ ಹೆಸರನ್ನು ಮತ್ತೊಮ್ಮೆ ಕೇಳಬಯಸಿದ ಹುಡುಗಿ ತಾಯಿಯ ಗದ್ದ ಹಿಡಿದು ತನ್ನ ಕಡೆ ತಿರುಗಿಸುತ್ತಿದ್ದಳು. "ಫಿರ್ ಸೇ ಬೋಲೋ."