ಮೂವತ್ತೊಂದು ಸೊನ್ನೆ

ನವಲಗುಂದದ ಒಂದು ಪದವಿ ಕಾಲೇಜಿನಲ್ಲಿ ಮಹಾನಂದಾ ಬಿಸಿಎ ವಿದ್ಯಾರ್ಥಿಗಳಿಗೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದಳು. ಅತಿಥಿ ಉಪನ್ಯಾಸಕಿ. ಸೆಮಿಸ್ಟರಿಗೊಮ್ಮೆ ಆದೇಶ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಮಾರ್ಚ್ ತಿಂಗಳ ಆಂತರಿಕ ಪರೀಕ್ಷೆಯಲ್ಲಿ ಅವಳು ‘ಮೆಥಡ್ ಓವರ್‌ಲೋಡಿಂಗ್ ಎಂದರೇನು?’ ಎಂದು ಎಂಟು ಅಂಕದ ಪ್ರಶ್ನೆ ಕೇಳಿದ್ದಳು. ಮೂವತ್ನಾಲ್ಕು ಮಂದಿಯಲ್ಲಿ ಮೂವತ್ತೊಂದು ಮಂದಿ ಒಂದಕ್ಷರವೂ ಹೆಚ್ಚುಕಡಿಮೆಯಾಗದಂತೆ ಒಂದೇ ತಪ್ಪು ಉತ್ತರ ಬರೆದಿದ್ದರು. ಅಷ್ಟೂ ಜನರಿಗೆ ಸೊನ್ನೆ ಹಾಕಿದಳು.

ಆ ಉತ್ತರ ಅವಳಿಗೂ ಬಾಯಿಪಾಠವಿತ್ತು. ಅವಳು ಓದಿದ್ದು ಇದೇ ಕಾಲೇಜಿನಲ್ಲಿ. ವಿಭಾಗದ ಮುಖ್ಯಸ್ಥ ಕಾಶಿನಾಥ ಅಚ್ಚು ಹಾಕಿಸಿದ್ದ ನೋಟ್ಸ್ ಪ್ರಕಾರ, ಒಂದೇ ಹೆಸರಿನ ಎರಡು ಮೆಥಡ್‌ಗಳು, ಅಂದರೆ ಪ್ರೋಗ್ರಾಮಿನೊಳಗೆ ಒಂದೊಂದು ಕೆಲಸ ಮಾಡುವ ತುಣುಕುಗಳು, ಹಿಂದಿರುಗಿಸುವ ಮೌಲ್ಯದ ಬಗೆ ಬೇರೆಯಾಗಿದ್ದರೆ ಸಾಕು, ಅದೇ ಓವರ್‌ಲೋಡಿಂಗ್. ಪ್ರೋಗ್ರಾಮಿನ ತಾಯಿ ಕ್ಲಾಸಿನಿಂದ ಬಂದ ಮೆಥಡನ್ನು ಅದರಿಂದ ಹುಟ್ಟಿದ ಮರಿ ಕ್ಲಾಸು ಅದೇ ಹೆಸರಿನಲ್ಲಿ ತಿರುಗಿ ಬರೆದುಕೊಂಡರೂ ಓವರ್‌ಲೋಡಿಂಗ್. ಎರಡೂ ತಪ್ಪು; ಬೇರೆಯಾಗಬೇಕಾದ್ದು ಮೆಥಡ್ ಒಳಗೆ ತೆಗೆದುಕೊಳ್ಳುವ ಮೌಲ್ಯಗಳ ಸಂಖ್ಯೆ ಅಥವಾ ಬಗೆ. ಐದು ವರ್ಷದ ಹಿಂದೆ ಇದನ್ನೇ ಬರೆದು ಅವಳು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ಹುಬ್ಬಳ್ಳಿಯ ಸಂದರ್ಶನವೊಂದರಲ್ಲಿ ಇದನ್ನೇ ಬೋರ್ಡಿನ ಮೇಲೆ ಬರೆದಾಗ ಎದುರಿಗೆ ಕೂತಿದ್ದ ಮೂವರು ಮುಖ ಮುಖ ನೋಡಿಕೊಂಡಿದ್ದರು. ಒಬ್ಬ, “ಯಾವ ಕಾಲೇಜ್ರಿ ನಿಮ್ದು?” ಎಂದು ಕೇಳಿ ನಕ್ಕಿದ್ದ. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೇಗೆ ಬಂದಳೆಂಬುದು ಅವಳಿಗೆ ಇವತ್ತಿಗೂ ನೆನಪಿಲ್ಲ.

ಅಂಕಪಟ್ಟಿ ಹಚ್ಚಿದ ಮಧ್ಯಾಹ್ನವೇ ಕಾಶಿನಾಥ ಉತ್ತರಪತ್ರಿಕೆಗಳ ಕಟ್ಟನ್ನು ತಂದು ಅವಳ ಟೇಬಲ್ಲಿಗೆ ಒಗೆದ.

“ಏನವಾ ಇದು? ನನ್ನ ನೋಟ್ಸಿಗೆ ಸೊನ್ನಿ ಹಾಕ್ತೀಯೇನು?”

“ನೋಟ್ಸಿಗಲ್ರಿ ಸರ್, ಉತ್ತರಕ್ಕ ಹಾಕೀನಿ. ಕ್ಲಾಸಿನ್ಯಾಗ ಸರಿಯಾದದ್ದು ಎರಡು ಸಲ ಹೇಳಿದ್ದೆ.”

“ಹದಿನಾಲ್ಕು ವರ್ಷ ಆತು ನಾ ಇಲ್ಲಿ ಪಾಠ ಮಾಡಾಕ ಹತ್ತಿ. ನಿನ್ನೆ ನನ್ನ ಮುಂದ ಬೆಂಚಿನ ಮ್ಯಾಲ ಕುಂತಾಕಿ ನೀ.”

“ಅದಕ್ಕ ಹೇಳಾಕತ್ತೀನ್ರಿ. ಲ್ಯಾಬಿಗೆ ಬರ್ರಿ. ಮಷೀನ್ ಹೇಳ್ಲಿ.”

ಅವನು ಬರುವುದಿಲ್ಲವೆಂದುಕೊಂಡಿದ್ದಳು. ಆದರೆ ಬಾಗಿಲಲ್ಲಿ ವಿದ್ಯಾರ್ಥಿಗಳು ನೆರೆದಿದ್ದರು. ಅವರೆದುರು ಹಿಂದೆ ಸರಿಯುವುದು ಅವನಿಗೆ ಆಗಲಿಲ್ಲ. ಲ್ಯಾಬಿನಲ್ಲಿ ಮಹಾನಂದಾ ನೋಟ್ಸಿನಲ್ಲಿದ್ದ ಉದಾಹರಣೆಯನ್ನೇ ಟೈಪ್ ಮಾಡಿದಳು. ಎರಡು ಸಂಖ್ಯೆ ಕೂಡಿಸುವ ಒಂದೇ ಹೆಸರಿನ ಎರಡು ಮೆಥಡ್‌ಗಳು; ಒಂದು ಪೂರ್ಣಾಂಕ ಕೊಡಬೇಕು, ಇನ್ನೊಂದು ದಶಮಾಂಶ. ಬರೆದದ್ದು ಸರಿಯೇ ಎಂದು ಮಷೀನ್ ನೋಡಲೆಂದು ಕಂಪೈಲ್ ಒತ್ತಿದಳು. ಈ ಮೆಥಡ್ ಆಗಲೇ ಇದೆ ಎಂದು ಪರದೆಯ ಮೇಲೆ ಕೆಂಪಕ್ಷರ ಮೂಡಿತು. ಎರಡನೆಯ ಮೆಥಡ್ಡಿಗೆ ಎರಡರ ಬದಲು ಮೂರು ಸಂಖ್ಯೆ ಕೂಡಿಸಲು ಕೊಟ್ಟಳು. ಪ್ರೋಗ್ರಾಮ್ ಓಡಿತು.

ಕಾಶಿನಾಥ ವಿದ್ಯಾರ್ಥಿಗಳತ್ತ ತಿರುಗಿ, “ನಿಮಗೇನು ಇಲ್ಲಿ ಕೆಲಸ? ನಡೀರಿ ಹೊರಗ!” ಎಂದು ಗದರಿದ. ಎಲ್ಲರೂ ಹೋದ ಮೇಲೆ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ.

“ತಪ್ಪಂತ ನನಗ ಆರು ವರ್ಷದ ಹಿಂದನ ಗೊತ್ತಾಗೇತಿ. ನೀ ಹೊಸಾದೇನೂ ಕಂಡುಹಿಡದಿಲ್ಲ.”

ಮಹಾನಂದಾ ಕುರ್ಚಿಯಿಂದ ಎದ್ದಳು. “ಮತ್ಯಾಕ ತಿದ್ದಲಿಲ್ರಿ?”

“ಪ್ರಮೋಷನ್ ಫೈಲಿನೊಳಗ ಆ ನೋಟ್ಸ ಇಟ್ಟಿದ್ದೆ. ಅದೊಂದ ನನ್ನ ಪುಸ್ತಕ. ತಪ್ಪೈತಿ ಅಂತ ನಾನ ಬಾಯಿ ಬಿಟ್ಟಿದ್ರ ಫೈಲ್ ಅಲ್ಲೇ ನಿಲ್ತಿತ್ತು.”

ಆರು ವರ್ಷ. ಅಂದರೆ ತನ್ನ ಉತ್ತರಪತ್ರಿಕೆಯ ಮೇಲೆ ಪೂರ್ತಿ ಅಂಕ ಹಾಕಿ ‘ಉತ್ತಮ’ ಎಂದು ಬರೆದಾಗ ಅವನಿಗೆ ಗೊತ್ತಿತ್ತು. ಮೊದಲಿದ್ದದ್ದು ಬರೀ ಸಿಟ್ಟು; ಈಗ ಅವನ ಮುಖ ನೋಡುವುದೂ ಬೇಡವೆನಿಸಿತು.

ಮರುದಿನ ಅವಳು ಪಾಠ ಮಾಡುತ್ತಿದ್ದಾಗ ಕಾಶಿನಾಥ ವರಾಂಡದಲ್ಲಿ ಹೋಗುತ್ತಿದ್ದುದು ಕಂಡಿತು. ಅವಳು ಚಾಕ್ ಕೆಳಗಿಟ್ಟಳು.

“ಸರ್, ಒಳಗ ಬರ್ರಿ. ನೋಟ್ಸ್ ತಪ್ಪೈತಿ ಅಂತ ನಿಮಗ ಆರು ವರ್ಷದಿಂದ ಗೊತ್ತೈತಿ ಅಂತ ನಿನ್ನೆ ನನ್ನ ಮುಂದ ಹೇಳೀರಿ. ಇವರ ಮುಂದೂ ಹೇಳ್ರಿ.”

“ನಾ ಹಂಗ ಅಂದಿಲ್ಲ,” ಎಂದ ಕಾಶಿನಾಥ. ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಆಗ ಎರಡನೆಯ ಬೆಂಚಿನಿಂದ ಅನ್ನಪೂರ್ಣಾ ಎದ್ದು ನಿಂತಳು. ತರಗತಿಗೆ ಮೊದಲಿಗಳು, ಅವಳಿಗೂ ಸೊನ್ನೆ ಬಿದ್ದಿತ್ತು. ಮಹಾನಂದಾಳಿಗೆ ಒಂದು ಗಳಿಗೆ ಆಸೆ ಹುಟ್ಟಿತು.

“ಯಾರದು ಖರೇ ಅನ್ನೂದು ನಮಗ ಬ್ಯಾಡ್ರಿ ಮೇಡಂ,” ಎಂದಳು ಅನ್ನಪೂರ್ಣಾ. “ನಿಮ್ಮಿಬ್ಬರ ಜಗಳದಾಗ ನಮ್ಮ ಮಾರ್ಕ್ಸ್ ಯಾಕ ಹೋಗ್ಬೇಕ್ರಿ? ನಮ್ಮ ಎಂಟು ಮಾರ್ಕ್ಸ್ ನಮಗ ಕೊಡ್ರಿ.”

ಹಿಂದಿನ ಸಾಲಿನವರು ಬೆಂಚು ಬಡಿದರು.

ಪ್ರಾಚಾರ್ಯ ಇಮಾಮುದ್ದೀನರು ಇಬ್ಬರನ್ನೂ ಕರೆಸಿದರು. ಅವರಿಗೆ ಜಾವಾ ಗೊತ್ತಿರಲಿಲ್ಲ. ಮೂವತ್ತೊಂದು ಮಂದಿಯ ಅರ್ಜಿ ಮಾತ್ರ ಟೇಬಲ್ಲಿನ ಮೇಲಿತ್ತು. ತಿದ್ದಿದ ಅಂಕಪಟ್ಟಿಗೆ ಸಹಿ ಹಾಕೆಂದು ಮಹಾನಂದಾಳಿಗೆ ಹೇಳಿದರು.

“ನಾ ಹಾಕಂಗಿಲ್ರಿ ಸರ್. ಬೇಕಾದ್ರ ಮತ್ತೊಮ್ಮೆ ಪರೀಕ್ಷೆ ಇಡತೀನಿ.”

“ಮುಂದಿನ ಆದೇಶದ ವಿಚಾರ ಮಾಡಿ ಮಾತಾಡ್ರಿ, ಮಹಾನಂದಾ.”

“ಮಾಡೀನ್ರಿ.”

ಕಾಶಿನಾಥ ಪೆನ್ನು ತೆಗೆದು ಅವಳ ಹೆಸರಿನ ಜಾಗದಲ್ಲಿ ತಾನೇ ಸಹಿ ಹಾಕಿದ. ಮುಂದಿನ ಸೆಮಿಸ್ಟರಿಗೆ ಅವಳ ಆದೇಶ ಬರಲಿಲ್ಲ.

ಜೂನ್ ಕೊನೆಗೆ ಅವಳು ಅನುಭವ ಪತ್ರ ಕೇಳಲು ಕಾಲೇಜಿಗೆ ಹೋದಳು. ಗುಮಾಸ್ತ ಎರಡು ತಾಸು ಕಾಯಿಸಿ, ನಾಳೆ ಬಾ ಎಂದ. ಹೊರಗೆ ಬೇವಿನ ಗಿಡದ ಕೆಳಗೆ ಅನ್ನಪೂರ್ಣಾ ನಿಂತಿದ್ದಳು. ಮುಖ ಗಂಟು ಹಾಕಿಕೊಂಡೇ ಹತ್ತಿರ ಬಂದಳು.

“ಮೇಡಂ, ಸೋಮವಾರ ಹುಬ್ಬಳ್ಳ್ಯಾಗ ಇಂಟರ್‌ವ್ಯೂ ಐತ್ರಿ. ಆ ಓವರ್‌ಲೋಡಿಂಗ್ ಕೇಳಿದ್ರ ಯಾವ ಉತ್ತರ ಹೇಳ್ಬೇಕು?”

ಸುಮ್ಮನೆ ಹೋಗಿಬಿಡಬೇಕೆಂದು ಮಹಾನಂದಾಳಿಗೆ ಬಲವಾಗಿ ಅನಿಸಿತು. ಬೆಂಚು ಬಡಿದ ಸದ್ದು ಕಿವಿಯಲ್ಲಿತ್ತು. ಆದರೆ ಕಾಲು ಮುಂದೆ ಹೋಗಲಿಲ್ಲ.

“ವಾಹನ ಅಂತ ಒಂದು ಕ್ಲಾಸ್, ಅದರಿಂದ ಬಂದ ಟ್ರ್ಯಾಕ್ಟರ್ ಅಂತ ಇನ್ನೊಂದು. ಬರಕೋ,” ಎಂದಳು ಒರಟಾಗಿ. “ವಾಹನದಾಗ ಇದ್ದ ಓಡಿಸು ಮೆಥಡ್ಡನ್ನ ಟ್ರ್ಯಾಕ್ಟರ್ ಅದ ಹೆಸರಿಲೆ ತನ್ನ ರೀತಿಲೆ ಬರದ್ರ ಏನಾತು?”

“ಓವರ್‌ಲೋಡಿಂಗ್.”

“ಅಲ್ಲ! ಓವರ್‌ರೈಡಿಂಗ್. ತಾಯಿದು ಮುಚ್ಚಿ ಮರೀದು ಓಡ್ತೈತಿ. ಎಷ್ಟು ದೂರ ಅಂತ ಒಂದು ಸಂಖ್ಯೆ ಹೆಚ್ಚಿಗಿ ಕೇಳಿದ್ರ?”

ಅನ್ನಪೂರ್ಣಾ ಯೋಚಿಸಿದಳು. “ಹಳೇದೂ ಇರ್ತೈತಿ, ಹೊಸಾದೂ ಇರ್ತೈತಿ. ಅದು ಓವರ್‌ಲೋಡಿಂಗ್.”

“ಹ್ಞಾಂ. ಮೂರು ಸಲ ಕೈಯಾರೆ ಟೈಪ್ ಮಾಡು. ಬಾಯಿಪಾಠ ಮಾಡಬ್ಯಾಡ.”

ಹುಡುಗಿ ಪುಸ್ತಕ ಮುಚ್ಚಿದಳು. ತಪ್ಪಾಯಿತು ಎನ್ನಲಿಲ್ಲ, ಉಪಕಾರವಾಯಿತು ಎಂದೂ ಅನ್ನಲಿಲ್ಲ. ಮಹಾನಂದಾ ಕಾಯಲೂ ಇಲ್ಲ. ಮನೆಗೆ ಹೋಗುವ ಅಣ್ಣಿಗೇರಿಯ ಬಸ್ಸು ಹೊರಡುವುದರಲ್ಲಿತ್ತು, ಸರಸರ ನಡೆದಳು.