ಮಾಳಿಂಗನ ಕಾಟಾಕ್ಕೆ ಲಿನಕ್ಸ್ ಬಂತು

ಅಫಜಲಪುರದಿಂದ ಗಾಣಗಾಪುರಕ್ಕೆ ಹೋಗುವ ರಸ್ತೆಯಲ್ಲಿ ಮಾಳಿಂಗನ ತೂಕದ ಕಾಟಾ ಅಂದರೆ ಏನು ಕೇಳುತ್ತೀರಿ, ದೊಡ್ಡ ಹೆಸರು! ಕಬ್ಬಿನ ಟ್ರ್ಯಾಕ್ಟರು ಫ್ಯಾಕ್ಟರಿಗೆ ಹೋಗುವ ಮುಂಚೆ ಇವನ ಕಬ್ಬಿಣದ ಹಾಸಿನ ಮೇಲೆ ಹತ್ತಿ, ತೂಕ ಮಾಡಿಸಿ, ಚೀಟಿ ತಗೊಂಡೇ ಮುಂದಕ್ಕೆ ಸಾಗಬೇಕು. ಫ್ಯಾಕ್ಟರಿಯವರ ತೂಕವನ್ನು ಯಾವ ರೈತ ತಾನೇ ನಂಬುತ್ತಾನೆ? ಆದರೆ ಅಲ್ಲಿಗೆ ಹೋಗಿ ನೋಡಿದರೆ ಎರಡೂ ಚೀಟಿ ಒಂದೇ. "ಮಾಳಿಂಗಣ್ಣನ ಕಾಟಾ ಒಪ್ಪಿತಂದ್ರ ಮುಗೀತು" ಎಂದು ಜನ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮಾಳಿಂಗನ ಎದೆ ಗೇಣುದ್ದ ಉಬ್ಬುತ್ತಿತ್ತು. ಅವನ ಪಾಲಿಗೆ ಅದೊಂದೇ ಆಸ್ತಿ.

ಇಂಥ ಕಾಟಾದ ಕಂಪ್ಯೂಟರು ಕಬ್ಬಿನ ಹಂಗಾಮಿನ ನಟ್ಟನಡುವೆ ಕೈಕೊಟ್ಟಿತು. ಸ್ವಲ್ಪ ಹೊತ್ತು ನಡೆಯುವುದು, ಬಂದ್ ಬೀಳುವುದು. ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂತು. ಪ್ರತಿ ವರ್ಷ ಹಂಗಾಮಿಗೆ ಮುಂಚೆ ಫ್ಯಾಕ್ಟರಿಯ ಕಂಪ್ಯೂಟರ್ ನೋಡಿಕೊಳ್ಳುವ ಶಾಂತಕುಮಾರನೇ ಬಂದು ಇದನ್ನೂ ರಿಪೇರಿ ಮಾಡಿಹೋಗುತ್ತಿದ್ದ. ಪುಣ್ಯಾತ್ಮ, ಕಾಸು ಹಾಗಿರಲಿ, ಚಹಾ ಸಹ ಮುಟ್ಟುತ್ತಿರಲಿಲ್ಲ. ಅವತ್ತೇ ಅವನು ಸೊಲ್ಲಾಪುರಕ್ಕೆ ಹೋಗಿ ಕೂತಿದ್ದ. ಬೇರೆ ದಾರಿ ಕಾಣದೆ ಮಾಳಿಂಗ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಮಸೂದನನ್ನು ಕರೆಸಿದ.

"ಕಾಕಾ, ಇದರಾಗ ಇರೋ ಸಾಫ್ಟ್‌ವೇರ್ ಕದ್ದ ಕಾಪಿ. ವೈರಸ್ ಹೊಕ್ಕಾವ" ಎಂದ ಮಸೂದ. "ಅದರ ಬದಲಿ ಲಿನಕ್ಸ್ ಹಾಕ್ತೇನಿ, ಪುಕ್ಕಟೆ. ತೂಕದ ಪ್ರೋಗ್ರಾಮೂ ಪುಕ್ಕಟೆ. ಒಳಗ ಏನ್ ಬರದದ ಅಂತ ಯಾರ ಬೇಕಾದ್ರೂ ತೆರದು ನೋಡಬಹುದ್ರಿ."

"ಯಾವ ಕಂಪನೀದೋ ಅದು?"

"ಯಾರ್ದೂ ಅಲ್ರಿ. ಎಲ್ಲಾರ್ದೂ."

ಮಾಳಿಂಗನ ತಲೆಯಲ್ಲಿ ಆಗಲೇ ಹುಳ ಹೊಕ್ಕಿತು. ಯಾರದೂ ಅಲ್ಲದ ಹೊಲಕ್ಕೆ ಊರ ದನವೆಲ್ಲ ನುಗ್ಗುತ್ತವೆ. ಯಾರು ಬೇಕಾದರೂ ತೆರೆದು ನೋಡಬಹುದು ಅಂದರೆ ಯಾರು ಬೇಕಾದರೂ ಕೈ ಹಾಕಬಹುದು ಅಂತಲೇ ಅಲ್ಲವೇ? ಆದರೆ ಹೊರಗೆ ಡ್ರೈವರುಗಳು ಹಾರ್ನ್ ಹೊಡೆದು ಕಿವಿ ಕಿತ್ತು ಹಾಕುತ್ತಿದ್ದರು. "ಹಾಕಪಾ, ಹಾಕು" ಎಂದ. ಮಸೂದ ಕಂಪ್ಯೂಟರಿನ ಹಳೆಯ ಡಿಸ್ಕನ್ನು ಬಿಚ್ಚಿ, "ಹಳೇದೆಲ್ಲಾ ಇದರಾಗದ, ಜೋಪಾನ" ಎಂದು ಅವನ ಕೈಗೇ ಕೊಟ್ಟ. ಹೊಸ ಡಿಸ್ಕಿನಲ್ಲಿ ಲಿನಕ್ಸ್ ಹಾಕಿ ನಡೆಸಿಕೊಟ್ಟು ಹೋದ.

ಮರುದಿನ ಗದ್ದಲವೋ ಗದ್ದಲ! ಸಿದ್ದಲಿಂಗ ಎಂಬ ರೈತ ಫ್ಯಾಕ್ಟರಿಗೆ ಕಬ್ಬು ಹಾಕಿ, ಎರಡು ಚೀಟಿ ಹಿಡಿದು ಕುಣಿಯುತ್ತ ಬಂದ. ಹೋದ ವರ್ಷ ಫ್ಯಾಕ್ಟರಿಯವರು ತೂಕದಲ್ಲಿ ಮೋಸ ಮಾಡುತ್ತಾರೆಂದು ಗೇಟಿನ ಮುಂದೆ ಕೂತವನು ಇವನೇ. ಆಗ ಮಾಳಿಂಗನೇ ನಾಲ್ಕು ಜನರ ಮುಂದೆ, "ನನ್ನ ಕಾಟಾನೂ ಅಷ್ಟೇ ತೋರಸ್ತದ. ಸುಳ್ಳ ಹೇಳಬ್ಯಾಡ ಎದ್ದೇಳು" ಎಂದು ಅವನ ಮಾನ ಕಳೆದಿದ್ದ.

"ಈಗ ನೋಡ್ರಲೇ!" ಎಂದು ಕೂಗಿದ ಸಿದ್ದಲಿಂಗ. "ಇವನ ಕಾಟಾದಾಗ ಮೂರು ಕ್ವಿಂಟಲ್ ಜಾಸ್ತಿ ಬಂದದ. ಫ್ಯಾಕ್ಟರಿಯಾಗ ಕಡಿಮಿ! ನಾ ಹೇಳಿದ್ದು ಖರೇ ಹೌದಿಲ್ಲೋ?"

ಅವನ ಹಿಂದೆ ಬಂದ ಟ್ರ್ಯಾಕ್ಟರಿನವರದೂ ಅದೇ ದೂರು. ಮಾಳಿಂಗನಿಗೆ ಮೈಯೆಲ್ಲ ಉರಿಯಿತು. ಮಸೂದ, ಸಿದ್ದಲಿಂಗ ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಕೂಡಿ ಚಹಾ ಕುಡಿಯುವುದನ್ನು ಅವನೇ ಕಂಡಿದ್ದ.

"ಇಬ್ರೂ ಕೂಡಿ ನನ್ನ ಹೆಸರಿಗಿ ಮಣ್ಣ ಹಾಕಾಕತ್ತಾರ" ಎಂದು ಹೆಂಡತಿ ಗುರಮ್ಮನ ಮುಂದೆ ಹಲ್ಲು ಕಡಿದ.

"ಕೂಡಿ ಚಾ ಕುಡದವರೆಲ್ಲಾ ಕಳ್ಳರಾದ್ರ ಊರಾಗ ಉಳಿಯೋರು ಯಾರು?" ಎಂದಳು ಗುರಮ್ಮ.

ಫ್ಯಾಕ್ಟರಿಯಿಂದ ಸುದ್ದಿ ಮುಟ್ಟಿತ್ತೋ ಏನೋ, ಅಷ್ಟರಲ್ಲಿ ಶಾಂತಕುಮಾರನ ಫೋನು. "ಪುಕ್ಕಟೆ ಸಾಮಾನ ತಗೊಂಡ್ರ ಹಿಂಗೇ ಆಗೋದ್ರಿ ಮಾಳಿಂಗಣ್ಣಾ. ಆ ಹಳೇ ಡಿಸ್ಕ್ ಮಾತ್ರ ಯಾರ ಕೈಗೂ ಕೊಡಬ್ಯಾಡ್ರಿ. ಸಂಜೀಕ ನಾ ಬಂದು ಹಾಕಿಕೊಡ್ತೇನಿ." ಮಾಳಿಂಗನಿಗೆ ಹೋದ ಜೀವ ಬಂದಂತಾಯಿತು. ಗುರಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು. "ಚಾ ಸೈತ ಕುಡಿಯದಾಂವಗ ನಮ್ಮ ಡಿಸ್ಕಿನ ಮ್ಯಾಲ ಯಾಕ ಇಷ್ಟ ಕಳಕಳಿ?" ಎಂದಳು. ಮಾಳಿಂಗ ಕೇಳಿಯೂ ಕೇಳದವನಂತೆ ಹೊರಗೆ ನಡೆದ.

ಮಸೂದನನ್ನು ಮತ್ತೆ ಕರೆಸಿ, ನೆರೆದ ಜನರ ನಡುವೆ ನಿಲ್ಲಿಸಿದ. "ಖರೇ ಹೇಳಲೇ. ಯಾರ ಮಾತು ಕೇಳಿ ಮಾಡಿದಿ?"

ಮಸೂದನ ಮುಖ ಕೆಂಪಾಯಿತು. "ಮಾತು ನೆಟ್ಟಗಿರ್ಲಿ ಕಾಕಾ. ಹಳೇ ಡಿಸ್ಕ್ ತರ್ರಿ. ಎಲ್ಲಾರ ಮುಂದ ಎರಡರಾಗೂ ತೂಗೂನು."

ಏನನ್ನು ತೂಗುವುದು? ಗುರಮ್ಮ ಪಕ್ಕದ ಪೀರಸಾಬನ ಸಿಮೆಂಟ್ ಅಂಗಡಿಯತ್ತ ಕೈ ತೋರಿಸಿದಳು. ಚೀಲಕ್ಕೆ ಐವತ್ತು ಕಿಲೋ, ನೂರು ಚೀಲಕ್ಕೆ ಐವತ್ತು ಕ್ವಿಂಟಲ್. ಇದಕ್ಕೆ ಯಾವ ಕಂಪ್ಯೂಟರೂ ಬೇಡ. ಮೊದಲು ಖಾಲಿ ಟ್ರ್ಯಾಕ್ಟರು ತೂಗಿದರು, ಆಮೇಲೆ ಚೀಲ ಹೇರಿ ನಿಲ್ಲಿಸಿದರು. ಖಾಲಿ ತೂಕ ಕಳೆದು ಲಿನಕ್ಸ್ ಸರಿಯಾಗಿ ಐವತ್ತು ಕ್ವಿಂಟಲ್ ತೋರಿಸಿತು.

"ಹಳೇದೂ ಇಷ್ಟೇ ತೋರಸ್ತದ, ನೋಡ್ತಿರ್ರಿ" ಎಂದ ಮಾಳಿಂಗ. ಆ ದನಿಯಲ್ಲಿ ಸೊಕ್ಕು ಇನ್ನೂ ಇಳಿದಿರಲಿಲ್ಲ.

ಮಸೂದ ಹಳೆಯ ಡಿಸ್ಕ್ ಜೋಡಿಸಿದ. ಚೀಲ ಇಳಿಸಿದ ಖಾಲಿ ಟ್ರ್ಯಾಕ್ಟರಿಗೆ ಅದೇ ತೂಕ ಬಂತು. ಚೀಲ ಮತ್ತೆ ಹೇರಿದ ಮೇಲೆ ನಲವತ್ತೊಂಬತ್ತು. ಮಾಳಿಂಗ ಹಾಸಿನ ಹತ್ತಿರ ನಿಂತವರನ್ನೆಲ್ಲ ದೂರ ಸರಿಸಿದ, ವೈರು ಅಲುಗಾಡಿಸಿದ, ಮತ್ತೆ ತೂಗಿಸಿದ. ನಲವತ್ತೊಂಬತ್ತೇ. ಹಳೆಯ ಪ್ರೋಗ್ರಾಮು ಖಾಲಿ ಗಾಡಿಗೆ ಕೈ ಹಚ್ಚುವುದಿಲ್ಲ, ಹೊರೆ ಬಿದ್ದೊಡನೆ ನೂರಕ್ಕೆ ಎರಡು ನುಂಗುತ್ತದೆ!

ಅಯ್ಯೋ ಶಿವನೇ. ಫ್ಯಾಕ್ಟರಿಯ ಕಾಟಾ ನುಂಗಿದಷ್ಟನ್ನೇ ಇವನ ಕಾಟಾವೂ ನುಂಗುತ್ತ ಬಂದಿತ್ತು. ಎರಡು ಚೀಟಿ ಒಂದೇ ಆಗುತ್ತಿದ್ದುದು ಅದಕ್ಕೇ. ಆ ಕಂಪ್ಯೂಟರನ್ನು ಇಷ್ಟು ವರ್ಷ ಮುಟ್ಟಿದವನು ಒಬ್ಬನೇ.

ಮಾಳಿಂಗ ಅಲ್ಲೇ ನಿಂತು ಶಾಂತಕುಮಾರನಿಗೆ ಫೋನು ಮಾಡಿದ. "ಇದರಾಗ ಏನ್ ಕುಂದ್ರಿಸಿದ್ಯೋ ಹರಾಮ್‌ಖೋರ?" ಎಂದದ್ದೇ ತಡ, ಆ ಕಡೆ ಫೋನು ಕಟ್ಟಾಯಿತು. ತಿರುಗಿ ಹಚ್ಚಿದರೆ ಸ್ವಿಚ್ ಆಫ್.

"ನಿನಗೇನು ಕೊಡ್ತಿದ್ದ ಮಾಳಿಂಗಾ?" ಎಂದು ಗುಂಪಿನಲ್ಲಿ ಒಬ್ಬ ಕೇಳಿದ. ನಿನ್ನೆಯವರೆಗೆ ಅವನೂ ಮಾಳಿಂಗಣ್ಣ ಅನ್ನುತ್ತಿದ್ದವನೇ.

"ದತ್ತಾತ್ರೇಯನ ಆಣಿ, ಏನೂ ಮುಟ್ಟಿಲ್ಲ. ನನಗೂ ಗೊತ್ತಿರಲಿಲ್ಲ. ಪುಕ್ಕಟೆ ಮಾಡಿಕೊಡ್ತಿದ್ದ."

ಯಾರೋ ಕಿಸಕ್ಕನೆ ನಕ್ಕರು. ಉಳಿದವರು ಒಬ್ಬೊಬ್ಬರಾಗಿ ಅವನಿಂದ ದೂರ ಸರಿದರು. ಮಾಳಿಂಗನಿಗೆ ಅವರ ಮುಖ ನೋಡುವುದಾಗಲಿಲ್ಲ. ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಒಳಗೆ ಹೋಗಿ ಕದ ಹಾಕಿಕೊಳ್ಳಬೇಕೆನಿಸಿತು. ಹೋಗಲಿಲ್ಲ. ಮಸೂದನಿಂದ ಹಳೆಯ ಡಿಸ್ಕ್ ಬಿಚ್ಚಿಸಿಕೊಂಡು ಸಿದ್ದಲಿಂಗನ ಮುಂದೆ ಹೋಗಿ ನಿಂತ.

"ಹೋದ ವರ್ಷ ನೀ ಹೇಳಿದ್ದು ಖರೇ ಇತ್ತು. ನಾನೇ ಸುಳ್ಳಾದೆ. ನಡಿ, ಫ್ಯಾಕ್ಟರಿ ಗೇಟಿನ ಮುಂದ ಎಲ್ಲಾರಿಗೂ ಇದನ್ನ ತೋರಿಸಿ ನಾನೇ ಹೇಳ್ತೇನಿ."

ಸಿದ್ದಲಿಂಗ ಟ್ರ್ಯಾಕ್ಟರ್ ಚಾಲೂ ಮಾಡಿ, ಮೇಲೆ ಹತ್ತು ಎಂದು ಕೈಸನ್ನೆ ಮಾಡಿದ. ಮಾಳಿಂಗ ಒಂದು ಕಾಲು ಮೇಲಿಟ್ಟಿದ್ದ.

"ಡಿಸ್ಕ್ ನಿನ್ನ ಕೈಯಾಗ ಬ್ಯಾಡ" ಎಂದ ಸಿದ್ದಲಿಂಗ. "ಮಸೂದ ಹಿಡ್ಕೊಳ್ಳಲಿ."

ಮಾಳಿಂಗ ಕೆಳಗಿಳಿದು ಕೊಟ್ಟ.